ಅವರೆಕಾಳು ಹಿತಕುವ ವಯಸ್ಸು

ನನ್ನದು ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಕೆಲಸ. ಹೆಂಡತಿ ಬೆಳಗ್ಗೆಯೇ ಡ್ಯೂಟಿಗೆ ಹೊರಡುತ್ತಾಳೆ. ಮಧ್ಯಾಹ್ನ ಅತ್ತೆ ಬರುವವರೆಗೆ ಅಡುಗೆ, ಬಟ್ಟೆ, ಮೂರೂವರೆ ವರ್ಷದ ಮಗಳು ಎಲ್ಲ ನನ್ನ ಪಾಲು. "ಮನೇಲೇ ಇರ್ತಾಳಲ್ಲ, ಮಗೂಗೆ ಏನು ಕಲಿಸ್ತೀಯಪ್ಪಾ?" ಅಂತ ಕೇಳುವವರಿಗೆ "ಕೆಲಸ ಕೊಡ್ತೀನಿ" ಅನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ.

ಸುಳ್ಳು ಕೆಲಸ ಅಲ್ಲ. ಪ್ಲಾಸ್ಟಿಕ್ ಕುಕ್ಕರಿನಲ್ಲಿ ಅನ್ನ ಮಾಡುವ ಆಟ ಅವಳಿಗೆ ಬೇಗ ಬೇಜಾರಾಗುತ್ತದೆ. ತಾನು ಮಾಡಿದ್ದು ಮಧ್ಯಾಹ್ನ ತಟ್ಟೆಗೆ ಬರುತ್ತದೆ ಅಂತ ಗೊತ್ತಾದರೆ ಮಾತ್ರ ಕೂತ ಜಾಗದಿಂದ ಏಳುವುದಿಲ್ಲ.

ಈ ಸಲ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ನಡೆದದ್ದು ಅವರೆಕಾಯಿ. ನಮ್ಮೂರು ಮಾಗಡಿ ಕಡೆ, ಡಿಸೆಂಬರ್ ಬಂದರೆ ಅಮ್ಮ ಚೀಲಗಟ್ಟಲೆ ಕಳಿಸುತ್ತಾರೆ. ನಡುಮನೆಯಲ್ಲಿ ಹಳೇ ಪೇಪರ್ ಹಾಸಿ ಇಬ್ಬರೂ ಕೂರುತ್ತೇವೆ. ಕಾಯಿಯ ತುದಿ ಮುರಿದು ಕೊಡುವುದು ನಾನು, ಬಿಡಿಸುವುದು ಅವಳು. ಕಾಳು ಪಾತ್ರೆಗೆ, ಸಿಪ್ಪೆ ಮೊರಕ್ಕೆ, ಹುಳುಕು ಪಕ್ಕಕ್ಕೆ. ಮೊದಮೊದಲು ಎಲ್ಲ ಒಂದೇ ಕಡೆ ಬೀಳುತ್ತಿತ್ತು. ಆಮೇಲೆ ನನ್ನ ಪಾತ್ರೆಯಿಂದಲೇ ಹುಳುಕು ಕಾಳು ಎತ್ತಿ ತೋರಿಸಿ "ನೋಡ್ಕೊಂಡು ಹಾಕಪ್ಪಾ" ಅನ್ನುವಷ್ಟು ಜೋರಾದಳು. ಒಂದು ಕಾಯಿಯಲ್ಲಿ ಹಸಿರು ಹುಳ ಸಿಕ್ಕಿತು. ಇದರ ಅಮ್ಮ ಎಲ್ಲಿ ಅಂತ ಕೇಳಿದಳು. ಪತಂಗ ಗಿಡದ ಮೇಲೆ ಮೊಟ್ಟೆ ಇಡುವುದು, ಮರಿ ಕಾಯಿ ಕೊರೆದು ಒಳಗೆ ಹೋಗುವುದು, ಆಮೇಲೆ ಅದೂ ಪತಂಗ ಆಗುವುದು, ಎಲ್ಲ ಹೇಳಬೇಕಾಯಿತು. ಆ ಹುಳ ಒಂದು ಡಬ್ಬಿಯಲ್ಲಿ ಸಂಜೆವರೆಗೂ ನಮ್ಮ ನೆಂಟ.

ರಾತ್ರಿ ನೆನೆಸಿಟ್ಟ ಕಾಳು ಬೆಳಗ್ಗೆ ಉಬ್ಬಿರುತ್ತದೆ, ಪಾತ್ರೆಯ ನೀರು ಇಳಿದಿರುತ್ತದೆ. "ನೀರು ಯಾರು ಕುಡಿದ್ರು?" ಅಂದಳು. ನಾನು ಉತ್ತರ ಹೇಳಲಿಲ್ಲ. ಒಂದು ಒಣ ಕಾಳು, ಒಂದು ನೆನೆದ ಕಾಳು ಅಂಗೈ ಮೇಲೆ ಇಟ್ಟೆ. ಎರಡನ್ನೂ ಒತ್ತಿ ನೋಡಿ "ಇದೇ ಕುಡಿದಿದೆ" ಅಂತ ತೀರ್ಪು ಕೊಟ್ಟಳು.

ಆಮೇಲೆ ಹಿತಕುವುದು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಇಟ್ಟು ಒತ್ತಿದರೆ ಬೇಳೆ ಪುಳಕ್ ಅಂತ ಹೊರಗೆ. ಜಾಸ್ತಿ ಒತ್ತಿದರೆ ಫ್ರಿಜ್ ಕೆಳಗೆ. ಪೆನ್ಸಿಲ್ ಹಿಡಿಯಲು, ಅಂಗಿ ಗುಂಡಿ ಹಾಕಲು ಬೇಕಾಗುವುದು ಇದೇ ಬೆರಳುಗಳ ಬಲ, ಇದೇ ಹದ. ಚುಕ್ಕಿ ಸೇರಿಸಿ ಅಕ್ಷರ ತಿದ್ದುವ ಪುಸ್ತಕ ತಂದುಕೊಟ್ಟವರಿದ್ದಾರೆ. ಅದು ಕಪಾಟಿನ ಮೇಲಿದೆ, ಇರಲಿ. ಹಿತಕಿದ ಬೇಳೆ ಸಾರಿಗೆ ಮುದ್ದೆ ಇಟ್ಟಾಗ ಮನೆಗೆ ಬಂದವರಿಗೆಲ್ಲ "ನಾನು ಮಾಡಿದ್ದು" ಅನ್ನುತ್ತಾಳೆ. ಅರ್ಧ ನಿಜ.

ಲೆಕ್ಕದ ವಿಷಯ ಹೇಳಬೇಕು. ಇಪ್ಪತ್ತರವರೆಗೆ ಗಡಗಡ ಹೇಳುತ್ತಾಳೆ, ನೆಂಟರು ಚಪ್ಪಾಳೆ ತಟ್ಟುತ್ತಾರೆ. ಆದರೆ ಐದು ಚಮಚ ಇಟ್ಟು ಎಣಿಸು ಅಂದರೆ ಬೆರಳು ಒಂದು ಕಡೆ, ಬಾಯಿ ಒಂದು ಕಡೆ. ಎಣಿಸಿದ ಮೇಲೆ "ಒಟ್ಟು ಎಷ್ಟು?" ಅಂದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಅನ್ನುವುದು ಈ ವಯಸ್ಸಿಗೆ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಅದಕ್ಕೆ ಊಟಕ್ಕೆ ತಟ್ಟೆ ಇಡುವುದು ಅವಳ ಕೆಲಸ. ಅಪ್ಪಂಗೆ ಒಂದು, ಅಜ್ಜಿಗೆ ಒಂದು, ನಂಗೆ ಒಂದು. ಒಬ್ಬರಿಗೆ ಒಂದೇ. ಕಮ್ಮಿ ಬಿದ್ದರೆ ಯಾರೂ ಹೇಳಬೇಕಾಗಿಲ್ಲ, ತಟ್ಟೆ ಇಲ್ಲದವರು ಕಾಣುತ್ತಾರಲ್ವಾ? ಒಣಗಿದ ಸಾಕ್ಸ್ ಜೋಡಿ ಮಾಡುವುದೂ ಅವಳದೇ. ಒಂಟಿ ಸಾಕ್ಸ್ ಯಾಕೆ ಉಳಿಯುತ್ತದೆ ಅನ್ನುವುದು ನನಗೂ ತಿಳಿಯದ ರಹಸ್ಯ.

ಹಾಲಿನ ಜಗಳ ಬೇರೆ. ಅಗಲ ಬಟ್ಟಲಿನ ಹಾಲನ್ನೇ ಉದ್ದ ಲೋಟಕ್ಕೆ ಅವಳ ಕಣ್ಣೆದುರೇ ಸುರಿದರೂ "ಈಗ ಜಾಸ್ತಿ ಆಯ್ತು" ಅನ್ನುತ್ತಾಳೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನೇ ಮಕ್ಕಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದರು. ಆರೇಳು ವರ್ಷದವರೆಗೂ ಬಹಳ ಮಕ್ಕಳು ಎತ್ತರ ನೋಡಿಯೇ ಮೋಸ ಹೋಗುತ್ತಾರೆ. ವಾದ ಮಾಡಿ ಫಲವಿಲ್ಲ. ಸ್ನಾನದ ಹೊತ್ತಿಗೆ ಚೊಂಬು, ಲೋಟ, ಒಂದು ಆಲಿಕೆ ಕೊಟ್ಟುಬಿಡುತ್ತೇನೆ, ಸುರಿದುಕೊಳ್ಳಲಿ. ಆದರೆ ನಾನು ಅಲ್ಲಿಂದ ಕದಲುವುದಿಲ್ಲ. ಅರ್ಧ ಬಕೆಟ್ ನೀರೂ ಸಣ್ಣ ಮಗುವಿಗೆ ಅಪಾಯವೇ.

ನನಗೆ ಆಗದ್ದು ಒಂದಿದೆ: ಎಲ್ಲದಕ್ಕೂ ಪರೀಕ್ಷೆ ಇಡುವುದು. "ಇದು ಯಾವ ಬಣ್ಣ? ಅದು ಏನು ಶೇಪು?" ಕೇಳುವವರಿಗೆ ಉತ್ತರ ಗೊತ್ತಿದೆ ಅನ್ನುವುದು ಮಗುವಿಗೂ ಗೊತ್ತು. ಎರಡು ಪ್ರಶ್ನೆ ಆಗುವಷ್ಟರಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಾನು ಮಾಡುತ್ತಿರುವುದನ್ನೇ ಸುಮ್ನೆ ಹೇಳುತ್ತಾ ಹೋಗುತ್ತೇನೆ. "ಸಾಸಿವೆ ಹಾಕಿದೆ, ಚಟಪಟ ಅಂತು, ಈಗ ಕರಿಬೇವು, ಹಿಂದೆ ಸರಿ." ಮಾರನೇ ದಿನ ನಾನು ಕರಿಬೇವು ಮರೆತರೆ ಅವಳೇ ನೆನಪಿಸುತ್ತಾಳೆ. ಹಾಲಿನ ಪ್ಯಾಕೆಟ್ ಮೇಲೆ "ನಂದಿನಿ" ಅಂತ ದಿನಾ ಬೆರಳಿಟ್ಟು ಓದುತ್ತಿದ್ದೆ. ಈಗ ಬಸ್ಸಿನ ಬೋರ್ಡಿನಲ್ಲಿ "ನಗರ" ಅಂತ ಕಂಡರೆ "ಅಪ್ಪಾ, ಹಾಲಿನ ನ!" ಅಂತ ಕಿರುಚುತ್ತಾಳೆ.

ಬರುವ ಜೂನಿಗೆ ಎಲ್‌ಕೆಜಿ. ವಿಚಾರಿಸಲು ಹೋದ ಒಂದು ಶಾಲೆಯಲ್ಲಿ, ಈಗಿನಿಂದಲೇ ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಅಂದರು. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದು ಬೇರೆಯೇ. ಈ ಹಂತದಲ್ಲಿ ಆದಷ್ಟೂ ಮನೆಮಾತಿನಲ್ಲೇ ಕಲಿಸಿ, ಆಟದ ಮೂಲಕ ಕಲಿಸಿ ಅನ್ನುತ್ತದೆ ಅದು. ಹುಳುಕು, ಸೊಗಡು, ಸಿಪ್ಪೆ, ಮೊರ, ಇವನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ನನ್ನ ಮಾತೇ ಅರ್ಧ ನಿಂತುಹೋಗುತ್ತದೆ. ಮಾತು ನಿಂತರೆ ಅವಳಿಗೆ ಸಿಗುವುದು ಏನು? ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಾಳೆ ಬಿಡಿ.

ಇದೆಲ್ಲ ಪುರಸೊತ್ತಿನ ಕೆಲಸ, ಅದು ನಿಜ. ನಾನೊಬ್ಬನೇ ಮಾಡಿದರೆ ಬೇಗ ಮುಗಿಯುವ ಅಡುಗೆ ಅವಳ ಜೊತೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ನೆಲ ಎರಡು ಸಲ ಒರೆಸಬೇಕು. ಫಸ್ಟ್ ಶಿಫ್ಟ್ ಬಿದ್ದ ವಾರ ಇದ್ಯಾವುದೂ ನಡೆಯುವುದಿಲ್ಲ. ಆ ವಾರ ಅಜ್ಜಿಯ ಜೊತೆ ಹೂ ಕಟ್ಟುವುದು ನೋಡುತ್ತಾ ಕೂರುತ್ತಾಳೆ, ಅದೂ ಆಗಲಿ.

ಅವರೆ ಮುಗಿಯಿತು. ಊರಿಂದ ಈಗ ಹುಣಸೆಹಣ್ಣು ಬಂದಿದೆ. ಕುಟ್ಟುವುದು ನಾನು, ನಾರು ಎಳೆಯುವುದು ಅವಳು ಅಂತ ಮಾತಾಗಿದೆ. ಬೀಜ ಮೂಗಿಗೆ, ಬಾಯಿಗೆ ಹೋಗದ ಹಾಗೆ ಮಾತ್ರ ಕಣ್ಣಿಟ್ಟಿರಬೇಕು.