ಕೆಳಗಿನ ಫೋಟೋ ಯಾಕೆ ಸರ್?

"ಕೆಳಗಿನ ಫೋಟೋ ಯಾಕೆ ಸರ್? ನುಡಿಸೋದು ಮೇಲಿಂದ ತಾನೆ?"

ಈ ವಾರವೆಲ್ಲ ಇದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. ಹೇಳಿದವರು ಹಳೆಯ ಪೆಡಲ್ ಸ್ಟೀಲ್ ಗಿಟಾರೊಂದನ್ನು ಮಾರಲು ಕೂತವರು. ಕಾಲುಗಳ ಮೇಲೆ ಮೇಜಿನಂತೆ ನಿಲ್ಲುವ, ತಂತಿ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ವಾದ್ಯ ಅದು; ಸ್ವರ ಬದಲಿಸಲು ಕೆಳಗೆ ಪೆಡಲ್‌ಗಳು, ಮೊಣಕಾಲಿನಿಂದ ತಳ್ಳುವ ಲಿವರ್‌ಗಳು. ಕೇಳಿದವನು, ಕೈಗೆಟುಕುವ ದುಡ್ಡಿನಲ್ಲಿ ನಾಲ್ಕು ಕಾಲ ಬಾಳುವಂಥದ್ದು ಸಿಕ್ಕರೆ ಸಾಕಪ್ಪ ಎಂದು ಹುಡುಕುತ್ತಿರುವ ನಾನು. ಅವರು ಕಳಿಸಿದ ಫೋಟೋಗಳಿಗೇನೂ ಬರವಿರಲಿಲ್ಲ. ಮಿರಮಿರ ಮಿನುಗುವ ಮೇಪಲ್ ಮರ, ಕ್ರೋಮ್ ಕಾಲುಗಳು, ಕೇಸಿನೊಳಗಿನ ಮಖಮಲ್ಲು ಕೂಡ. ಒಮ್ಮೆ ಮಗುಚಿ ಹಾಕಿ ಹೊಟ್ಟೆ ತೋರಿಸಿ ಅಂದದ್ದಕ್ಕೆ ಮಾತ್ರ ಮನುಷ್ಯ ಮುನಿಸಿಕೊಂಡರು.

ಮೋಸ ಮಾಡುವ ಆಸಾಮಿ ಅನ್ನಿಸಲಿಲ್ಲ. ಎತ್ತು ಕೊಳ್ಳುವವನು ಹಲ್ಲು ಬಿಡಿಸಿ ನೋಡುತ್ತಾನೆ. ಮಾರುವವರಿಗೇ ಅದರ ಬಾಯಿ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಅಷ್ಟೆ.

ಮೇಲಿಂದ ನುಡಿಸೋದು ತಾನೆ? ಹೌದು, ಕೈ ಇರುವುದು ಮೇಲೆಯೇ. ಆದರೆ ಈ ವಾದ್ಯದ ಅರ್ಧ ಸಂಗೀತ ಕಾಲಿನದು. ಪೆಡಲ್ ತುಳಿದರೆ ಕೆಳಗಿನ ಅಡ್ಡ ಶಾಫ್ಟ್ ತಿರುಗುತ್ತದೆ, ಅದಕ್ಕೆ ಕಚ್ಚಿಕೊಂಡ ಬೆಲ್‌ಕ್ರ್ಯಾಂಕ್ ಅನ್ನುವ ಪುಟ್ಟ ಸನ್ನೆ ಉದ್ದನೆಯ ರಾಡ್ ಎಳೆಯುತ್ತದೆ, ಬಲತುದಿಯಲ್ಲಿ ತಂತಿಗಳನ್ನು ಹಿಡಿದಿರುವ ಚೇಂಜರ್‌ನಲ್ಲಿ ಫಿಂಗರ್ ಅನ್ನುವ ಲೋಹದ ತುಂಡು ವಾಲಿ ತಂತಿ ಬಿಗಿಯಾಗುತ್ತದೆ. ಇ9 ಅನ್ನುವ ಹತ್ತು ತಂತಿಯ ಶ್ರುತಿಯಲ್ಲಿ ಮೊದಲ ಪೆಡಲ್ ಒತ್ತಿ ನೋಡಿ: ಐದನೇ ಮತ್ತು ಹತ್ತನೇ ತಂತಿ ಬಿ ಸ್ವರದಿಂದ ಸಿ ಶಾರ್ಪ್‌ಗೆ ಜಾರುತ್ತವೆ, ಪಕ್ಕದ ತಂತಿಗಳು ಇದ್ದಲ್ಲೇ ಇರುತ್ತವೆ. 1954ರಲ್ಲಿ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಹಾಡೊಂದು ಅಮೆರಿಕದಲ್ಲಿ ಹಿಟ್ ಆದಾಗ ಜನ ಕಿವಿ ನಿಮಿರಿಸಿದ್ದು ಇದಕ್ಕೇ. ತಂತಿ ಇನ್ನೂ ಮಿಡಿಯುತ್ತಿರುವಾಗಲೇ, ಅದರಲ್ಲಿ ಸ್ಟೀಲ್ ನುಡಿಸಿದ ಬಡ್ ಐಸಾಕ್ಸ್ ಪೆಡಲ್ ತುಳಿದಿದ್ದರು. ಸ್ಟೀಲ್ ಅಂದ ಕೂಡಲೇ ಮನಸ್ಸಿಗೆ ಬರುವ ಆ ಅಳು ಹುಟ್ಟುವುದೇ ಹೊಟ್ಟೆಯಲ್ಲಿ.

ನನಗೆ ಹೇಳಿಕೊಡುವ ಮೇಷ್ಟ್ರಿಗೆ ಮಾತು ಕಮ್ಮಿ, ಸಿಡುಕು ಜಾಸ್ತಿ. "ಮೊದಲು ತಿರುಗಿಸಿ ನೋಡು, ಆಮೇಲೆ ಫೋನ್ ಮಾಡು" ಅಂದು ಇಟ್ಟೇಬಿಟ್ಟಿದ್ದರು. ಅದಕ್ಕೂ ಮುಂಚೆ ಅವರಿಂದ ಹೊರಡಿಸಿದ್ದು ಇಷ್ಟು: ನಾಲ್ಕನೇ ತಂತಿಗೆ ಟ್ಯೂನರ್ ಹಿಡಿ, ಮೊದಲೆರಡು ಪೆಡಲ್, ಅಂದರೆ ಎ ಮತ್ತು ಬಿ, ಒಟ್ಟಿಗೆ ತುಳಿ. ಆ ತಂತಿಗೂ ಈ ಪೆಡಲ್‌ಗಳಿಗೂ ಸಂಬಂಧವಿಲ್ಲ, ಆದರೂ ಮುಳ್ಳು ಕೆಳಗಿಳಿಯುತ್ತದೆ. ಎಳೆತಕ್ಕೆ ಮೈಯೇ ಬಾಗುವುದರಿಂದ ಒಂದೆರಡು ಸೆಂಟ್ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಇಳಿದರೆ ಸಹಿಸಬಹುದು, ಜಾಸ್ತಿ ಇಳಿದರೆ ಕೈ ಮುಗಿದು ಎದ್ದು ಬಾ. ಪೆಡಲ್ ಬಿಟ್ಟಮೇಲೆ ಸ್ವರ ಹೊರಟಲ್ಲಿಗೇ ಬಂತಾ ನೋಡು. ಮೊಣಕಾಲಿನ ಲಿವರ್ ಅಕ್ಕಪಕ್ಕ ಲೊಡಲೊಡ ಅನ್ನುತ್ತಾ ನೋಡು. ಹೊಳಪಿನ ಬಗ್ಗೆ ಅವರು ತುಟಿ ಪಿಟಕ್ಕೆನ್ನಲಿಲ್ಲ.

ಇನ್ನು ಸ್ನೇಹಿತರ ಸಲಹೆಗಳು. ಒಬ್ಬನಿಗೆ ಎರಡು ನೆಕ್ಕಿನದೇ, ಅಂದರೆ ಎರಡು ಸಾಲು ತಂತಿಯದೇ ಆಗಬೇಕು, ಎರಡನೇ ಸಾಲಿಗೆ ಸಿ6 ಶ್ರುತಿ ಇಲ್ಲದಿದ್ದರೆ ಅದೆಂಥ ಸ್ಟೀಲು ಅಂತಾನೆ. ಹೊರುವವನು ಅವನಲ್ಲ. ಇನ್ನೊಬ್ಬನ ಬಾಯಲ್ಲಿ 1960ರ ದಶಕದ ಎಮನ್ಸ್ ಕಂಪನಿಯ, ರಾಡ್ ತಳ್ಳಿಯೂ ಎಳೆದೂ ಸ್ವರ ಬದಲಿಸುವ ಪುಶ್-ಪುಲ್ ಗಿಟಾರ್ ಬಿಟ್ಟು ಬೇರೆ ಮಾತಿಲ್ಲ. ನಾದಕ್ಕೆ ಎರಡು ಮಾತಿಲ್ಲ, ಒಪ್ಪಿದೆ. ಆದರೆ ಅದನ್ನು ಹದಕ್ಕೆ ತರುವ ಕೈ ಬೇಕಲ್ಲ. ಎಲ್ಲವನ್ನೂ ರಾಡ್ ಎಳೆದೇ ಮಾಡುವ ಆಲ್-ಪುಲ್ ಆದರೆ ತುದಿಯ ನೈಲಾನ್ ನಟ್ ತಿರುಗಿಸಿ ನಾನೇ ಸ್ವರ ಕೂಡಿಸಿಕೊಳ್ಳಬಹುದು. ನನಗೆ ಬೇಕಿದ್ದದ್ದು ಒಂದು ನೆಕ್ಕು, ಮೂರು ಪೆಡಲು, ನಾಲ್ಕು ಲಿವರು. ಉಜ್ಜಾಡುವ ಲೋಹ ಸವೆದೇ ಸವೆಯುತ್ತದೆ, ಸವೆದ ಬೆಲ್‌ಕ್ರ್ಯಾಂಕಿಗೆ ಬದಲಿ ಸಿಗುವಂತಿರಬೇಕು. ಬಾಳಿಕೆ ಅಂತ ನಾನು ಕೇಳುತ್ತಿರುವುದು ಇಷ್ಟನ್ನೇ. ಹೆಸರಾಂತ ಕಲಾವಿದ ಯಾವುದನ್ನು ನುಡಿಸಿದ್ದ ಅನ್ನುವುದರಿಂದ ನನ್ನ ರಾಡು ನೆಟ್ಟಗಾಗುವುದಿಲ್ಲ.

ಕೊನೆಗೆ ಮಾರುವವರು ಮಣಿದರು. ಗಿಟಾರನ್ನು ಮಗುಚಿ ವೀಡಿಯೋ ಕಾಲ್ ಮಾಡಿದರು. ರಾಡುಗಳಿಗೆ ಮೆತ್ತಿದ ಹಳೆಯ ಗ್ರೀಸು ಒಣಗಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಅದು ದೊಡ್ಡದಲ್ಲ, ಲೈಟರ್ ಫ್ಲುಯಿಡ್ ಹಾಕಿ ತೊಳೆದರೆ ಹೋದೀತು. ಆದರೆ ಇದ್ದದ್ದು ಒಂದೇ ಲಿವರ್, ಅದೂ ಇ ತಂತಿಗಳನ್ನು ಇಳಿಸಲು ಮಾತ್ರ. ಅವೇ ತಂತಿಗಳನ್ನು ಎಫ್‌ಗೆ ಏರಿಸಲು ಇನ್ನೊಂದು ಲಿವರ್ ಬೇಕು, ಆ ಚೇಂಜರ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಕಲಿಯುವವರಿಗೆ ಇಷ್ಟು ಸಾಕು ಅಂತ ಯಾರೋ ಎಂದೋ ತೀರ್ಮಾನಿಸಿ ಮಾಡಿದ ಗಿಟಾರು. ಕಲಿಯುವವರಿಗೇ ಯಾಕೆ ಕೊರತೆಯ ಸಾಮಾನು ಕೊಡುತ್ತಾರೋ! ಪಳಗಿದವನು ಹೇಗೋ ತೂಗಿಸಿಕೊಂಡಾನು; ಹೊಸಬನಿಗೆ ತಪ್ಪು ತನ್ನದೋ ಗಿಟಾರಿನದೋ ಗೊತ್ತಾಗದೆ ಕೈಬಿಡುತ್ತಾನೆ.

ನಾನು ಹೀಗೆ ಯೋಚಿಸುತ್ತಿದ್ದರೆ ಆ ಕಡೆ ಅವರು ಬಗ್ಗಿ ಬಗ್ಗಿ ನೋಡಿ ಬೆರಗಾಗಿದ್ದರು. "ಅಯ್ಯೋ, ಇಷ್ಟೆಲ್ಲಾ ಇದೆಯಾ ಸರ್ ಇದರಲ್ಲಿ!" ಸ್ವಲ್ಪ ಹೊತ್ತು ಮೌನ. ಆಮೇಲೆ, "ಇಷ್ಟೊಂದು ಮೆಷಿನ್ ಇರೋದಕ್ಕೆ ನಾನು ಹೇಳಿದ ರೇಟು ಕಮ್ಮಿಯಾಯ್ತು."

ನಗು ತಡೆದುಕೊಂಡು ಬೇಡ ಅಂದೆ.

ಈಗ ಸ್ಟೇಜ್ ಒನ್ ಅನ್ನುವ ಪೆಡಲ್ ಸ್ಟೀಲ್ ಗಿಟಾರಿಗೆ ಹೆಸರು ಬರೆಸಿದ್ದೇನೆ. ಹೊಸಬರಿಗೆಂದೇ ಮಾಡಿದ್ದು, ಆದರೂ ನಾಲ್ಕು ಲಿವರ್ ಪೂರ್ತಿ ಇವೆ, ಒಂದೇ ತಂತಿಯನ್ನು ಏರಿಸಲೂ ಇಳಿಸಲೂ ಬರುತ್ತದೆ. ಉಳಿದ ದುಡ್ಡು ವಾಲ್ಯೂಮ್ ಪೆಡಲ್‌ಗೆ. ಮೂರನೇ ತಂತಿ ಯಾವ ಸ್ಟೀಲಿನಲ್ಲೂ ಪಟ್ಟನೆ ಕಡಿಯುತ್ತದಂತೆ, ಅದಕ್ಕೆ .011 ಗೇಜಿನ ತಂತಿ ಒಂದು ಡಜನ್ ಆಗಲೇ ತರಿಸಿಟ್ಟಾಯಿತು. ಗಿಟಾರ್ ಇನ್ನೂ ಬರಬೇಕು.