ಎಡಗಡೆಯ ಚುಕ್ಕಿಗಳು

ಆಸ್ಪತ್ರೆಯಲ್ಲಿ ಒಂದು ಸಂಜೆ ನರ್ಸ್ ಬಂದು, ಅಮ್ಮನನ್ನು ತೋರಿಸಿ, "ನಾಳೆ ಹತ್ತು ಗಂಟೆಗೆ ಇವರಿಗೆ ಓಟಿ ಇದೆ" ಅಂದರು. ಅಪ್ಪನ ಮುಖ ಬಿಳಿಚಿಕೊಂಡಿತು. ಮೂರು ವಾರದ ಹಿಂದೆ ತಾನೇ ಒಂದು ಆಪರೇಷನ್ ಆಗಿದೆ, ಈಗ ಇನ್ನೊಂದಾ? ರಾತ್ರಿಯೆಲ್ಲ ಅವರು ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಗೊತ್ತಾಯ್ತು, ಇದು ಆಪರೇಷನ್ ಥಿಯೇಟರ್ ಅಲ್ಲ, ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡೋಕೆ ಕಲಿಸುವ ಚಿಕಿತ್ಸೆ. ಒಬ್ಬ ಹುಡುಗಿ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದುಕೊಂಡು ಬಂದಿದ್ದಳು, ಅಷ್ಟೇ.

ನಮ್ಮೂರು ತಿಪಟೂರಿನ ಹತ್ತಿರ. ಎರಡು ವರ್ಷದ ಹಿಂದೆ ಅಪ್ಪನ ಸ್ಕೂಟರ್ ಹಿಂದೆ, ಎರಡೂ ಕಾಲು ಒಂದೇ ಕಡೆ ಹಾಕಿಕೊಂಡು ಕೂತಿದ್ದ ಅಮ್ಮ, ಬಣ್ಣ ಬಳಿಯದ ಒಂದು ಹಂಪ್ ಮೇಲೆ ಎಗರಿ ಬಿದ್ದಳು. ಹೆಲ್ಮೆಟ್ ಇರಲಿಲ್ಲ. ಹಿಂದೆ ಕೂತವರಿಗೆ ಹೆಲ್ಮೆಟ್ ಯಾಕೆ ಅಂತ ಅವತ್ತಿನವರೆಗೂ ನಮ್ಮ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಲೆಬುರುಡೆಯ ಒಂದು ತುಂಡು ತೆಗೆದು, ಊತ ಇಳಿಯುವವರೆಗೂ ಅದನ್ನು ಅಮ್ಮನ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು. ಮೂಳೆ ಕೆಡದೆ ಇರಲಿ ಅಂತ ಹೀಗೂ ಮಾಡ್ತಾರಂತೆ, ನಮಗೆ ಗೊತ್ತೇ ಇರಲಿಲ್ಲ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು.

ಅಮ್ಮನ ಮಾತಿಗೆ ಏನೂ ಆಗಿರಲಿಲ್ಲ. ಹೆಚ್ಚಿನವರಲ್ಲಿ ಮಾತು ಎಡ ಮಿದುಳಿನ ಕೆಲಸ, ಅಮ್ಮನಿಗೆ ಪೆಟ್ಟಾಗಿದ್ದು ಬಲಕ್ಕೆ. ಹಾಗಾಗಿ ನಾವೆಲ್ಲ ಬಚಾವಾದೆವು ಅಂದುಕೊಂಡೆವು. ಎಡಗೈ ಸೋತಿದೆ, ಫಿಸಿಯೋಥೆರಪಿ ಮಾಡಿಸಿದರೆ ಸರಿಹೋಗುತ್ತೆ ಅಂತ. ಮನೆಗೆ ಬಂದ ಮೇಲೆ ಒಂದು ಹಬ್ಬದ ದಿನ ಎಲೆ ಹಾಕಿ ಊಟಕ್ಕೆ ಕೂರಿಸಿದೆವು. "ಉಪ್ಪು ಬಡಿಸಿಲ್ಲ ಯಾಕೆ?" ಅಂದಳು. ಉಪ್ಪು ಇತ್ತು, ಎಲೆಯ ಎಡತುದಿಯಲ್ಲಿ, ಯಾವಾಗಲೂ ಇರುವ ಜಾಗದಲ್ಲೇ. ಪಕ್ಕದಲ್ಲಿ ಕೋಸಂಬರಿಯೂ ಹಾಗೇ ಉಳಿದಿತ್ತು. ಎಲೆಯ ಬಲ ಅರ್ಧ ಮಾತ್ರ ಬಳಿದ ಹಾಗೆ ಖಾಲಿ. ಎಲೆಯನ್ನೇ ತಿರುಗಿಸಿ ಇಟ್ಟೆ. "ಓ, ಈಗ ಹಾಕಿದ್ರಾ?" ಅಂತ ಮಿಕ್ಕಿದ್ದನ್ನು ತಿಂದಳು.

ಇದಕ್ಕೆ ನೆಗ್ಲೆಕ್ಟ್ ಅಂತಾರೆ. ಕಣ್ಣಿಗೆ ತೊಂದರೆಯಿಲ್ಲ. ಆದರೆ ಎಡಗಡೆ ಅಂತ ಒಂದು ಇದೆ ಅನ್ನೋದೇ ಮಿದುಳಿನ ಗಮನಕ್ಕೆ ಬರಲ್ಲ. ಅದಕ್ಕಿಂತ ಕಷ್ಟ ಏನೆಂದರೆ, ಏನೋ ಕಾಣ್ತಾ ಇಲ್ಲ ಅನ್ನೋದೂ ಅವರಿಗೆ ಗೊತ್ತಾಗಲ್ಲ. ಅಮ್ಮ ತಲೆ ಬಾಚಿದರೆ ಬಲಗಡೆ ಮಾತ್ರ, ಎಡಗಡೆ ಬಾಗಿಲಿನ ಚೌಕಟ್ಟಿಗೆ ದಿನಾ ಭುಜ ಹೊಡೆದುಕೊಳ್ಳೋದು. "ಎಡಗಡೆ ನೋಡಮ್ಮ" ಅಂದರೆ "ನೋಡ್ತಾನೇ ಇದೀನಲ್ಲೋ" ಅಂತ ರೇಗೋಳು. ಅವಳ ಪ್ರಕಾರ ಅದು ನಿಜವೇ, ಅಲ್ವಾ?

ಯಾರೋ ನೆಂಟರು ಆರ್ಟ್ ಥೆರಪಿ ಒಳ್ಳೇದಂತೆ ಅಂತ ಬಣ್ಣ ತುಂಬೋ ಪುಸ್ತಕ ತಂದುಕೊಟ್ಟರು. ಬಲೂನ್ ಹಿಡಿದ ಕರಡಿಮರಿ. ಅಮ್ಮನಿಗೆ 58 ವರ್ಷ! ಒಂದು ಪುಟ, ಅದೂ ಬಲಗಡೆಯ ಬಲೂನಿಗೆ ಮಾತ್ರ ಬಣ್ಣ ಹಚ್ಚಿ ಮಂಚದ ಕೆಳಗೆ ಎಸೆದಳು. ನಾನಾಗಿದ್ರೂ ಎಸೀತಿದ್ದೆ.

ಪುಸ್ತಕದ ಕಥೆ ಕೇಳಿ ಓಟಿ ಹುಡುಗಿ (ಹಾಗೇ ಕರೆಯೋದು ರೂಢಿಯಾಗಿಬಿಟ್ಟಿದೆ) ನಕ್ಕು, "ಅಮ್ಮ ಮುಂಚೆ ಏನು ಬರೀತಿದ್ರು?" ಅಂತ ಕೇಳಿದಳು. ಬರೆಯೋದಾ? ಅಮ್ಮ ಚಿತ್ರಗಿತ್ರ ಏನೂ ಬರೆದವಳಲ್ಲ ಅಂದೆ. ಆಮೇಲೆ ನನಗೇ ನಾಚಿಕೆಯಾಯ್ತು. ನಲವತ್ತು ವರ್ಷ ದಿನಾ ಬೆಳಿಗ್ಗೆ ಹೊಸ್ತಿಲ ಮುಂದೆ ರಂಗೋಲಿ ಹಾಕಿದವಳು.

ನೆಲದಲ್ಲಿ ಕೂರೋಕೆ ಆಗ್ತಿರಲಿಲ್ಲ. ಒಂದು ಪ್ಲೈವುಡ್ ತುಂಡಿಗೆ ಕಪ್ಪು ಬಣ್ಣ ಬಳಿದು ಮೇಜಿನ ಮೇಲಿಟ್ಟು, ಚಾಕ್‌ಪೀಸ್ ಕೊಟ್ಟೆವು. 7 ಚುಕ್ಕಿ, 7 ಸಾಲು. ಅಮ್ಮನ ಬಲಗೈ ಒಂಚೂರೂ ತಡವರಿಸಲಿಲ್ಲ. ಟಕಟಕ ಅಂತ ಇಟ್ಟುಕೊಂಡು ಹೋಗಿ "ಆಯ್ತು" ಅಂದಳು. ಎಣಿಸಿದೆ: 26. ಬೋರ್ಡಿನ ಎಡ ಅರ್ಧದಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಬಲ ಅರ್ಧದಲ್ಲಿ ಮುತ್ತು ಪೋಣಿಸಿದ ಹಾಗೆ ಚುಕ್ಕಿಗಳು. ಅದನ್ನು ನೋಡಿದ ಮೇಲೆಯೇ ಅಮ್ಮನ ಕಾಯಿಲೆ ಏನು ಅಂತ ಅಪ್ಪನಿಗೆ ಅರ್ಥವಾಗಿದ್ದು. ಸ್ಕ್ಯಾನ್ ರಿಪೋರ್ಟ್ ತೋರಿಸಿ ಮೂರು ಸಲ ಹೇಳಿದ್ದರೂ ಆಗಿರಲಿಲ್ಲ.

ಅವತ್ತು ರಾತ್ರಿ ಮೊಬೈಲ್‌ನಲ್ಲಿ ಹುಡುಕುತ್ತಾ ಕೂತಾಗ ಆಂಟನ್ ರೇಡರ್‌ಶೈಟ್ ಅನ್ನೋ ಜರ್ಮನಿಯ ಚಿತ್ರಕಾರ ಸಿಕ್ಕಿದ. 1967ರಲ್ಲಿ ಸ್ಟ್ರೋಕ್ ಆಗಿ ಅವನ ಬಲ ಮಿದುಳಿಗೆ ಏಟಾಯ್ತು. ಆಮೇಲೆ ಅವನು ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ. ಮೊದಲ ಚಿತ್ರಗಳಲ್ಲಿ ಎಡಗಡೆ ಬರೀ ಖಾಲಿ, ಅರ್ಧ ಮುಖ. ತಿಂಗಳುಗಳು ಕಳೆದ ಹಾಗೆ ಮಿಕ್ಕ ಅರ್ಧವೂ ಸ್ವಲ್ಪ ಸ್ವಲ್ಪವೇ ಬರುತ್ತೆ. ಅಪ್ಪನನ್ನು ಎಬ್ಬಿಸಿ ತೋರಿಸಿದೆ. ಕಣ್ಣಾಡಿಸಿ "ಇವನೂ ಹಂಗೇನಾ" ಅಂದು ಮಗ್ಗುಲು ತಿರುಗಿ ಮಲಗಿದರು.

ಒಂದು ಮಾತು ಹೇಳಿಬಿಡ್ತೀನಿ. ನಮಗೆ ಸಿಕ್ಕಿದ್ದು ಆರ್ಟ್ ಥೆರಪಿಸ್ಟ್ ಅಂತ ತರಬೇತಿ ಪಡೆದವರಲ್ಲ. ಚಿತ್ರದ ಮೂಲಕ ಮನಸ್ಸಿನ ಭಾರ ಇಳಿಸೋದು ಆರ್ಟ್ ಥೆರಪಿಸ್ಟ್‌ಗಳ ಕಸುಬು, ಅದು ಬೇರೆಯೇ ಓದು. ಆರ್ಟ್ ಥೆರಪಿ ಅನ್ನೋ ಹೆಸರು ಹುಟ್ಟಿದ್ದೂ ಮಿದುಳಿನ ಪೆಟ್ಟಿಗಲ್ಲ. ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ದ ಏಡ್ರಿಯನ್ ಹಿಲ್ ಅನ್ನೋ ಇಂಗ್ಲೆಂಡಿನ ಕಲಾವಿದ, ಹಾಸಿಗೆಯಲ್ಲೇ ಚಿತ್ರ ಬರೀತಾ ಚೇತರಿಸಿಕೊಂಡು, 1942ರಲ್ಲಿ ಆ ಹೆಸರು ಕೊಟ್ಟಿದ್ದು. ಚಿತ್ರ ಬರೆದರೆ ಸತ್ತ ನರಕೋಶ ಬದುಕಿ ಬರಲ್ಲ. ಉಳಿದ ಮಿದುಳು ಬೇರೆ ದಾರಿ ಕಲಿಯಬೇಕು, ಅದಕ್ಕೆ ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕು. ಸುಮ್ನೆ ನೂರು ಸಲ ಎಡಕ್ಕೆ ಕತ್ತು ತಿರುಗಿಸು ಅಂದರೆ ಯಾರು ಮಾಡ್ತಾರೆ? ರಂಗೋಲಿ ಆದರೆ ಮಾಡ್ತಾರೆ.

ಓಟಿ ಹುಡುಗಿ ಎರಡು ಉಪಾಯ ಹೇಳಿಕೊಟ್ಟಳು. ಒಂದು, ಬೋರ್ಡಿನ ಎಡ ಅಂಚಿನಲ್ಲಿ ದಪ್ಪನೆಯ ಕೆಂಪು ಗೆರೆ. ಪ್ರತಿ ಸಾಲು ಶುರು ಮಾಡುವ ಮೊದಲು ಆ ಗೆರೆ ಕಾಣುವವರೆಗೂ ಕತ್ತು ತಿರುಗಿಸಬೇಕು. ಅಪ್ಪ ಸ್ಕೆಚ್ ಪೆನ್ನಿನಲ್ಲಿ ಎಳೆದರು, ಅಮ್ಮನಿಗೆ ಹಿಡಿಸಲಿಲ್ಲ. "ಕೆಮ್ಮಣ್ಣು ತಗೊಂಡು ಬನ್ನಿ" ಅಂದಳು. ಹಬ್ಬದ ರಂಗೋಲಿಗೆ ಅಂಚು ಕಟ್ಟೋದು ಕೆಮ್ಮಣ್ಣಿನಲ್ಲೇ ತಾನೇ. ಎರಡನೆಯದು, ಸೋತ ಎಡಗೈಯನ್ನು ಮಡಿಲಲ್ಲಿ ಬಿಡಬಾರದು, ಬೋರ್ಡಿನ ಎಡ ಅಂಚಿನ ಮೇಲೇ ಇಟ್ಟಿರಬೇಕು. ಚುಕ್ಕಿಗಳು 31 ಆದವು, 35 ಆದವು, ಮತ್ತೆ ಒಂದು ದಿನ 29. ಕಾಲು ಗಂಟೆ ಆದರೆ ಸಾಕು, ಗದ್ದೆ ನಾಟಿ ಮಾಡಿ ಬಂದವಳ ಹಾಗೆ ಸುಸ್ತು. ಮಿದುಳಿಗೆ ಪೆಟ್ಟಾದವರ ಈ ಸುಸ್ತನ್ನು ಸೋಮಾರಿತನ ಅಂದುಕೊಳ್ಳೋರೇ ಜಾಸ್ತಿ. ಟಿವಿ ಆಫ್ ಮಾಡಿ, ಬೆಳಿಗ್ಗೆ ಕಾಫಿ ಆದ ಕೂಡಲೇ ಮಾಡಿಸಿದರೆ ಮಾತ್ರ ಏನಾದರೂ ಆಗ್ತಿತ್ತು.

ನಡುವೆ ಒಂದು ವಾರ ಎಲ್ಲ ನಿಂತುಹೋಯ್ತು. ದೊಡ್ಡಮ್ಮ ನೋಡೋಕೆ ಬಂದವರು, ತಮ್ಮ ಫೋನಿನಲ್ಲಿದ್ದ ಅಮ್ಮನ ಹಳೆಯ ಸಂಕ್ರಾಂತಿ ರಂಗೋಲಿ ತೋರಿಸಿ "ಪಾಪ, ಹೆಂಗೆ ಹಾಕ್ತಿದ್ಲು" ಅಂದರು. ಅಮ್ಮ ಚಾಕ್‌ಪೀಸ್ ಗೋಡೆಗೆ ಬೀಸಿದಳು. ದೊಡ್ಡಮ್ಮನದು ಕೆಟ್ಟ ಉದ್ದೇಶ ಅಲ್ಲ. ಆದರೆ ಅವತ್ತಿನವರೆಗೆ ನಾವೂ ಅದನ್ನೇ ಮಾಡ್ತಿದ್ದೆವು. ಚುಕ್ಕಿ ಎಣಿಸೋದು, ಚಪ್ಪಾಳೆ ತಟ್ಟೋದು, ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕೋದು. ಅವಳಿಗೆ ಅದು ಪರೀಕ್ಷೆಯೇ.

ಫೋನ್ ಮಾಡಿ ಕೇಳಿದರೆ ಓಟಿ ಹುಡುಗಿ "ನೀವು ಹಾಕಿ, ಅವರು ಹೇಳಿಕೊಡಲಿ" ಅಂದಳು. ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಏನೋ ಇದು, ಕಾಗೆ ಕಾಲು ಗುಬ್ಬಿ ಕಾಲು. ಇಲ್ಲಿ ಕೊಡು" ಅಂದಳು. ಹೂವು ಬೇಡ, ಎಳೆ ರಂಗೋಲಿ ಹಾಕೋಣ ಅಂತ ಅವಳೇ ಹೇಳಿದ್ದು. ಚುಕ್ಕಿಯ ಸುತ್ತ ಸುತ್ತಿಕೊಂಡು ಹೋಗುವ ಎಳೆ ಎಲ್ಲಿ ಶುರುವಾಯ್ತೋ ಅಲ್ಲಿಗೇ ಬಂದು ಸೇರಬೇಕು, ಅರ್ಧದಲ್ಲಿ ಬಿಡೋ ಹಾಗಿಲ್ಲ. ಬಲಗಡೆಯಿಂದ ಹೊರಟ ಗೆರೆ ನಡು ದಾಟಿತು, ಕೈ ಅದರ ಹಿಂದೆ ಹೋಯ್ತು, ಕೈ ಹಿಂದೆ ಕಣ್ಣು. ನಾನು ಉಸಿರು ಬಿಗಿಹಿಡಿದು ನೋಡ್ತಿದ್ದೆ. "ಇಲ್ಲೊಂದು ಚುಕ್ಕಿ ಇತ್ತಾ?" ಅಂತ ನಿಂತಳು. ಎಡಗಡೆ ಕೊನೆಯ ಸಾಲಿನ ಚುಕ್ಕಿ, ನಾನು ಇಟ್ಟಿದ್ದು. ಇತ್ತು ಅಂದೆ. ಅದನ್ನೂ ಸುತ್ತಿ ವಾಪಸ್ ಬಂದಳು.

ಇದನ್ನೆಲ್ಲ ಬರೆದಿದ್ದು ಯಾಕೆಂದರೆ, ಮನೆಯಲ್ಲಿ ಇಂಥವರು ಇದ್ದರೆ ಫಿಸಿಯೋ ಜೊತೆಗೆ ಓಟಿ ಇದೆಯಾ ಅಂತ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ನ್ಯೂರೋ ರಿಹ್ಯಾಬಿಲಿಟೇಷನ್ ವಿಭಾಗ ಇದೆ. ಮತ್ತೆ, ಕರಡಿಮರಿ ಪುಸ್ತಕ ಬೇಡ. ಅವರ ಕೈಗೆ ಮೊದಲೇ ಗೊತ್ತಿದ್ದಿದ್ದು ಏನು ಅಂತ ನೋಡಿ, ಹಸೆ ಬರೆಯೋದೋ, ಕಸೂತಿಯೋ, ಹೂ ಕಟ್ಟೋದೋ.

ಈಗ ಬೋರ್ಡ್ ಹೊಸ್ತಿಲ ಪಕ್ಕ ಗೋಡೆಗೆ ಒರಗಿರುತ್ತೆ. ನಿನ್ನೆ 47 ಚುಕ್ಕಿ, ಎಡಗಡೆ ಕೆಳಗಿನ ಎರಡು ಇರಲಿಲ್ಲ, ಅಲ್ಲಿ ಎಳೆಯನ್ನು ಹೇಗೋ ತಿರುಗಿಸಿ ಸೇರಿಸಿದ್ದಾಳೆ. ಎಡಗೈ ಬೆರಳು ಇನ್ನೂ ಪೂರ್ತಿ ಬಿಚ್ಚಲ್ಲ. ಅಪ್ಪ ಕಾಫಿ ಲೋಟವನ್ನು ಬೇಕಂತಲೇ ಅವಳ ಎಡಗಡೆ ಇಟ್ಟು, ಏನೂ ಹೇಳದೆ ಪೇಪರ್ ಓದೋಕೆ ಕೂರ್ತಾರೆ. ಇವತ್ತು ಬೆಳಿಗ್ಗೆ ಒಳಗಿನಿಂದ ಅಮ್ಮನ ದನಿ ಕೇಳಿಸಿತು. "ರೀ, ಇಲ್ಲಿಟ್ಟು ಎಷ್ಟೊತ್ತಾಯ್ತು? ಆರಿ ಐಸ್ ಆಗಿದೆ."