ಹಲಗೆಯ ಬುಡದಲ್ಲಿ ಕಳೆದುಹೋದ 13 ಸೆಂಟಿಮೀಟರ್

ಬಡಗಿಯ ಬಳಿ ಉಳಿದಿದ್ದ ಸನ್‌ಮೈಕಾದ ಎರಡು ತುಂಡು ತಂದು, ಒಂದನ್ನು ಓರೆಯಾಗಿ ನಿಲ್ಲಿಸಿದ ಹಲಗೆಗೆ ಅಂಟಿಸಿ ಇನ್ನೊಂದನ್ನು ನೆಲಕ್ಕೆ ಹಾಸಿದೆ. ಮೇಲಿಂದ ಬಿಟ್ಟ ಮರದ ತುಂಡು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು, ಅದೇ ನನ್ನ ಹಟ.

ಎತ್ತರದಿಂದ ಸಿಕ್ಕ ಶಕ್ತಿಯೆಲ್ಲ ಕೊನೆಗೆ ಘರ್ಷಣೆಯ ಪಾಲು. ವೇಗೋತ್ಕರ್ಷ, ಕಾಲ ಯಾವುದೂ ಬೇಡ. ಇಳಿಜಾರು ಕಡಿದಾದಷ್ಟೂ ತುಂಡು ಹಲಗೆಯನ್ನು ಒತ್ತುವುದು ಕಡಿಮೆ. ಹಾಗಾಗಿ ಘರ್ಷಣೆ ತಿನ್ನುವ ಶಕ್ತಿ ಹಲಗೆಯ ಉದ್ದಕ್ಕಲ್ಲ, ನೆಲದ ಮೇಲೆ ಅದು ಆವರಿಸುವ ಅಡ್ಡಳತೆಗೆ ತಕ್ಕಂತೆ. ಎತ್ತರವನ್ನು ಘರ್ಷಣಾ ಗುಣಾಂಕದಿಂದ (ಒತ್ತಿನ ಎಷ್ಟು ಪಾಲು ಘರ್ಷಣೆಯಾಗುತ್ತದೆ ಎಂಬ ಸಂಖ್ಯೆ) ಭಾಗಿಸಿದರೆ, ಬಿಟ್ಟಲ್ಲಿಂದ ನಿಂತಲ್ಲಿವರೆಗಿನ ಒಟ್ಟು ಅಡ್ಡದೂರ ಸಿಕ್ಕಿತು. ಕೋನವೂ ಇಲ್ಲ, ತೂಕವೂ ಇಲ್ಲ! ಎಷ್ಟು ಸಲ ಬರೆದು ನೋಡಿದರೂ ಖುಷಿ ಕಡಿಮೆಯಾಗಲಿಲ್ಲ.

ಗುಣಾಂಕಕ್ಕೆ, ಮೆಲ್ಲನೆ ತಟ್ಟಿದ ತುಂಡು ಒಂದೇ ವೇಗದಲ್ಲಿ ಜಾರುವಷ್ಟು ಹಲಗೆ ಎತ್ತಿದೆ. ಎತ್ತರ 34.5 ಸೆಂ.ಮೀ., ಅಡ್ಡ 115. ಎತ್ತರವನ್ನು ಅಡ್ಡದಿಂದ ಭಾಗಿಸಿದರೆ ಗುಣಾಂಕ 0.3.

ಮೊದಲ ಭಾನುವಾರ: 30 ಡಿಗ್ರಿ, ಎತ್ತರ 30 ಸೆಂ.ಮೀ. ಒಟ್ಟು 100 ಬರಬೇಕಿತ್ತು, ಬಂದದ್ದು 77. ಹಲಗೆಯ ಬುಡದಲ್ಲಿ ಪ್ರತಿ ಸಲವೂ 'ಟಕ್' ಎಂಬ ಸದ್ದು. ತುಂಡು ನೆಲಕ್ಕೆ ಬಡಿದು ಶಕ್ತಿ ಕಳೆದುಕೊಳ್ಳುತ್ತಿತ್ತು.

ಎರಡನೇ ಭಾನುವಾರ: ಎರಡು ತುಂಡಿನ ಬದಲು ಒಂದೇ ಉದ್ದನೆಯ ಹಾಳೆ, ಬುಡದಲ್ಲಿ ತಾನೇ ಬಾಗುವಂತೆ. ಸದ್ದು ನಿಂತಿತು, 87. ಮೇಲೊಂದು ಕಲ್ಲು ಕಟ್ಟಿ ತೂಕ ಇಮ್ಮಡಿ ಮಾಡಿದೆ, ಅದೇ 87. ತೂಕದ ಮಾತು ನಿಜವಾಯಿತು. ಉಳಿದ 13 ಎಲ್ಲಿ?

ಬಾಗು ಇನ್ನೂ ಹರವಾಗಲಿ ಎಂದು ಸಡಿಲಿಸಿದೆ. 87 ಜಗ್ಗಲಿಲ್ಲ. ಇದು ನನ್ನನ್ನು ನಾಲ್ಕು ದಿನ ಕಾಡಿತು. ಬುಧವಾರ ಬಸ್ಸಿನಲ್ಲಿ, ತಿರುವಿನಲ್ಲಿ ಪಕ್ಕದವರ ಮೇಲೆ ವಾಲಿದಾಗ ಹೊಳೆಯಿತು: ದಿಕ್ಕು ತಿರುಗಿಸಲು ಹಾಳೆ ತುಂಡನ್ನು ಹೆಚ್ಚಿಗೆ ಒತ್ತಲೇಬೇಕು, ಒತ್ತು ಹೆಚ್ಚಿದರೆ ಘರ್ಷಣೆಯೂ ಹೆಚ್ಚು. ಬಾಗು ಹರವಾದರೆ ಒತ್ತು ಇಳಿಯುತ್ತದೆ, ಆದರೆ ದಾರಿ ಅಷ್ಟೇ ಬೆಳೆಯುತ್ತದೆ. ಹಾಗಾಗಿ ನಷ್ಟ ಹೆಚ್ಚುಕಡಿಮೆ ತಿರುಗಿದ ಕೋನಕ್ಕೆ ಮಾತ್ರ ಅಂಟಿಕೊಂಡಿದೆ. ಅದನ್ನೂ ಸೇರಿಸಿದರೆ 30 ಡಿಗ್ರಿಗೆ ನೆಲದ ಮೇಲಿನ ಓಟ 48ರಿಂದ 35ಕ್ಕೆ ಇಳಿಯುತ್ತದೆ. ಹಲಗೆಯ ಅಡ್ಡಳತೆ 52 ಕೂಡಿಸಿ: 87.

ಮೂರನೇ ಭಾನುವಾರ: 20 ಡಿಗ್ರಿ. ಲೆಕ್ಕ 97, ಐದು ಸಲದ ಸರಾಸರಿ 96.

ಮುಂದಿನ ವಾರ 40 ಡಿಗ್ರಿ. 78ರಲ್ಲಿ ಸೀಮೆಸುಣ್ಣದ ಗೆರೆ ಈಗಲೇ ಎಳೆದಿಟ್ಟಿದ್ದೇನೆ.